ಡಿಗ್ರಿಯಿಲ್ಲದೆ ಚಿಕಿತ್ಸೆ ಮಾಡಿದ ಮಧುಗಿರಿ ಬೆಟ್ಟದ ಕೋತಿಯವರಿಗೆ

ಮಧುಗಿರಿ ಕೋಟೆಯ ಬಾಗಿಲಲ್ಲಿ ಸದಾ ಆಸೀನರಾಗಿರುವ, ಎಡಗಿವಿ ಹರಿದ ಹಿರಿಯ ಕೋತಿಯವರ ಸನ್ನಿಧಾನಕ್ಕೆ,

ಮಾನ್ಯರೇ,

ತಾವೂ ತಮ್ಮ ತುಂಬು ಸಂಸಾರವೂ ಕ್ಷೇಮವೆಂದು ನಂಬಿದ್ದೇನೆ. ನಿನ್ನೆ ತಾವು ಯಾರೋ ಪ್ರವಾಸಿಗರ ಕನ್ನಡಕ ಹಿಡಿದು ಪರೀಕ್ಷಿಸುತ್ತಿದ್ದುದನ್ನು ಕಂಡು ಆ ನಂಬಿಕೆ ಇನ್ನಷ್ಟು ಗಟ್ಟಿಯಾಯಿತು. ನಾನು ಭುವನಾ. ಮನಶ್ಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ, ಬೆಟ್ಟ ಹತ್ತುವ ತರಬೇತಿಯನ್ನೂ ಪ್ರಥಮ ಚಿಕಿತ್ಸೆಯನ್ನೂ ಕಲಿತು, ನೊಂದವರನ್ನು ಬೆಟ್ಟ ಹತ್ತಿಸುತ್ತ ಆಪ್ತಸಮಾಲೋಚನೆ ಮಾಡುವವಳು. ತಮ್ಮ ಕಣ್ಣಿಗೆ ಮಾತ್ರ ನಾನು ಬಾಳೆಹಣ್ಣು ತಾರದೆ ಬರುವ ಹೆಂಗಸು ಎಂಬುದು ನನಗೆ ಗೊತ್ತು.

ಈ ವೃತ್ತಿಗೊಂದು ಹೆಸರಿಡಲು ನಾನು ಪಟ್ಟ ಪಾಡು ತಮಗೆ ತಿಳಿದಿರಲಾರದು. ಪೇಟೆಯಲ್ಲಿ ‘ಬೆಟ್ಟದ ಗಾಳಿಯಲ್ಲಿ ಮನಸ್ಸಿಗೆ ಚಿಕಿತ್ಸೆ’ ಎಂದು ಬೋರ್ಡು ಬರೆಸಿದ್ದೇ ತಪ್ಪಾಯಿತು. ಶಿರಾ, ಕೊರಟಗೆರೆ, ಪಾವಗಡದಿಂದೆಲ್ಲ ಜನ ನಿಂಬೆಹಣ್ಣು, ಬೇವಿನಸೊಪ್ಪು ಹಿಡಿದು ಬಂದು, “ಗಾಳಿ ಬುಡ್ಸೋ ಮೇಡಮ್ಮು ನೀವೇನಾ?” ಎಂದು ಕೇಳತೊಡಗಿದರು. ಅದು ಮೈಮೇಲೆ ಬರುವ ಗಾಳಿಯಲ್ಲ, ಬರೀ ಬೀಸುವ ಗಾಳಿ ಎಂದು ಹೇಳಿ ಹೇಳಿ ನನ್ನ ಗಂಟಲು ಒಣಗಿತು.

ಗೌಡಗೆರೆ ಕಡೆಯ ಓಬಳಮ್ಮನವರು ಸೊಸೆ ಗಂಗಾಂಬಿಕಾಳನ್ನು ಕರೆತಂದದ್ದೂ ಇದೇ ಗಾಳಿ ಬಿಡಿಸುವುದಕ್ಕೆ. (ವೃತ್ತಿಧರ್ಮದ ಪ್ರಕಾರ ಇಬ್ಬರ ಹೆಸರನ್ನೂ ಬದಲಿಸಿದ್ದೇನೆ; ತಮಗೆ ಈ ಗೋಜಿಲ್ಲ.) ತಂಗಿ ಕಾಯಿಲೆಯಿಂದ ತೀರಿಕೊಂಡ ಮೇಲೆ ಆಕೆ ಮಾತೇ ಬಿಟ್ಟಿದ್ದಳು. ತಂಗಿಯ ಹಳೇ ಕೈಚೀಲವನ್ನು ಎದೆಗವಚಿಕೊಂಡು ವಾರವಾರವೂ ನನ್ನ ಜೊತೆ ಹತ್ತುತ್ತಿದ್ದಳು. ನಾನು ಅವಸರ ಮಾಡಲಿಲ್ಲ. ಅವಳು ಕೂತಲ್ಲಿ ಕೂತೆ, ಎದ್ದಾಗ ಎದ್ದೆ. ಕಾಯುವುದೇ ನಮ್ಮ ಕೆಲಸದ ಮುಕ್ಕಾಲು ಪಾಲು.

ಹೀಗೆ ಹತ್ತುತ್ತಿದ್ದ ಒಂದು ದಿನ ತಾವು ಚಿಕಿತ್ಸೆಗೆ ಇಳಿದಿರಿ. ಒಪ್ಪಿಗೆ ಪಡೆಯಲಿಲ್ಲ, ಪರಿಚಯ ಹೇಳಿಕೊಳ್ಳಲಿಲ್ಲ, ಅಪಾಯದ ಅಂದಾಜು ಮಾಡಲಿಲ್ಲ. ನೇರ ಬಂದು ಚೀಲ ಕಿತ್ತುಕೊಂಡು ಕೋಟೆಗೋಡೆ ಏರಿದಿರಿ. ಗಂಗಾಂಬಿಕಾ ಚಪ್ಪಲಿ ಎತ್ತಿ, ಇಡೀ ಬೆಟ್ಟಕ್ಕೆ ಕೇಳುವಂತೆ, “ಲೇ ಬುಡ್ಲಾ ಅದ್ನ! ನನ್ ತಂಗೀದು ಕಣ್ಲಾ ಅದು!” ಎಂದು ಕೂಗಿದಳು. ತಾವು ಒಳಗಿದ್ದ ಕಡಲೆಕಾಯಿಯನ್ನಷ್ಟೇ ಶುಲ್ಕವಾಗಿ ಸ್ವೀಕರಿಸಿ ಚೀಲವನ್ನು ಕೆಳಗೆ ಬಿಸಾಕಿದಿರಿ. ಆಕೆ ಅದನ್ನು ಮಡಿಲಲ್ಲಿಟ್ಟುಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ನನಗೂ ಅಳು ಬಂತು. ಅದು ನಮ್ಮ ನಿಯಮಾವಳಿಯಲ್ಲಿಲ್ಲ.

ತಮ್ಮ ಕೈಗುಣವನ್ನು ಮನಸಾರೆ ಕೊಂಡಾಡುತ್ತೇನೆ. ಆದರೆ ಬೆಟ್ಟದ ಬುಡದಲ್ಲಿ ಕಾಯುತ್ತಿದ್ದ ಓಬಳಮ್ಮನವರು ಸುದ್ದಿ ಕೇಳಿದ್ದೇ ಮೇಲಕ್ಕೆ ನೋಡಿ ಕೈಮುಗಿದು, “ಆಂಜನೇಯಸ್ವಾಮೀನೇ ಬಂದು ಗಾಳಿ ಕಿತ್ತಾಕ್ದ ಕಣಮ್ಮ, ಇನ್ನು ನಿಮ್ತಾವ ಏನೈತೆ ಕೆಲ್ಸ?” ಎಂದುಬಿಟ್ಟರು. ಪೂಜಾರಿಗೆ ಕೊಡುವ ಹಾಗೆ ನನ್ನ ಕೈಗೊಂದು ತೆಂಗಿನಕಾಯಿ ಇಟ್ಟು, ಸೊಸೆಯನ್ನು ಬಸ್‌ಸ್ಟ್ಯಾಂಡಿಗೆ ಕರೆದುಕೊಂಡು ಹೊರಟರು. ನಾನೂ ಹಿಂದೆಯೇ ಓಡಿದೆ. ಬಸ್ಸು ಹತ್ತುವಾಗ ಗಂಗಾಂಬಿಕಾ ತಿರುಗಿ, “ಅಕ್ಕಾ, ಇನ್ನೂ ಹೇಳೋದೈತೆ” ಅಂದಳು. ಅಷ್ಟರಲ್ಲಿ ಕಂಡಕ್ಟರು ರೈಟ್ ಅಂದ.

ಮಾತು ಬಂದದ್ದು ಗುಣವಾದದ್ದಲ್ಲ ಸ್ವಾಮಿ, ಗುಣವಾಗುವುದಕ್ಕೆ ಶುರುವಾದದ್ದು. ಇದನ್ನು ಫೋನಿನಲ್ಲಿ ಎಷ್ಟು ಹೇಳಿದರೂ ಓಬಳಮ್ಮನವರ ಕಿವಿಗೆ ಹೋಗುತ್ತಿಲ್ಲ. ಆದ್ದರಿಂದ ತಾವೇ ದಯಮಾಡಿಸಿ, ಅವರ ಮನೆ ಹೆಂಚಿನ ಮೇಲೆ ಕೂತು, ಸೊಸೆಯನ್ನು ಮತ್ತೆ ಬೆಟ್ಟಕ್ಕೆ ಕಳಿಸಬೇಕೆಂದು ಅಪ್ಪಣೆ ಕೊಡಿಸಬೇಕಾಗಿ ಪ್ರಾರ್ಥಿಸುತ್ತೇನೆ. ತಮ್ಮ ಮಾತನ್ನು ಅವರು ಮೀರುವುದಿಲ್ಲ. ಕೀರ್ತಿಯೆಲ್ಲ ತಮಗೇ ಇರಲಿ, ಬೋರ್ಡಿನ ಮೇಲೆ ತಮ್ಮ ಚಿತ್ರವನ್ನೇ ಬರೆಸುತ್ತೇನೆ, ಪೂಜಾರಮ್ಮ ಎಂದು ಕರೆದರೂ ಓಗೊಡುತ್ತೇನೆ. ಆ ಹುಡುಗಿ ಹೇಳುವುದನ್ನು ಕೂತು ಕೇಳುವ ಕೆಲಸವೊಂದನ್ನು ನನಗೆ ಬಿಟ್ಟುಕೊಡಿ.

ತಮ್ಮ ಅನುಭವದ ಮುಂದೆ ಏನೇನೂ ಅಲ್ಲದ,
ತಮ್ಮ ವಿಶ್ವಾಸಿ
ಭುವನಾ, ಎಂ.ಎಸ್ಸಿ.

ತಾ.ಕ.: ಡಿಗ್ರಿ ಇಲ್ಲವೆಂದು ತಾವು ಸಂಕೋಚ ಪಡಬೇಕಾಗಿಲ್ಲ. ವಾರಾಂತ್ಯಕ್ಕೆ ‘ಸಾಹಸ ಥೆರಪಿ’ ಎಂದು ಟೀಶರ್ಟು ಹಾಕಿಕೊಂಡು ಬರುವ ಕೆಲವರಿಗೂ ಅದಿಲ್ಲ. ಜನರ ಕೈಯಲ್ಲಿದ್ದದ್ದನ್ನು ಅವರೂ ಕಿತ್ತುಕೊಳ್ಳುತ್ತಾರೆ. ತಾವಾದರೂ ವಾಪಸ್ಸು ಕೊಟ್ಟಿರಿ.