ಫಾರಿನ್ ಕಾರಿನ ಡಿಕ್ಕಿಯೂ ಬಂಗುಡೆ ಪೆಟ್ಟಿಗೆಯೂ

ಹಳೆಯ ಫಾರಿನ್ ಕಾರು ಇಟ್ಟುಕೊಂಡವರ ಮನೆಯಲ್ಲಿ ನಗುವಿಗೆ ಬರ ಇಲ್ಲ. ನಗುವವರು ಮಾತ್ರ ಯಾವಾಗಲೂ ಪಕ್ಕದ ಮನೆಯವರು.

ನಾನು ಮೀನು ವ್ಯಾಪಾರದವಳು. ಗಂಗೊಳ್ಳಿ ಬಂದರಿನಿಂದ ಮೀನು ತಂದು ಕುಂದಾಪುರದಿಂದ ಬ್ರಹ್ಮಾವರದವರೆಗಿನ ಹೋಟೆಲುಗಳಿಗೆ ಕೊಡುತ್ತೇನೆ. ಮೊದಲೆಲ್ಲ ಬುಟ್ಟಿ ಹಿಡಿದು ಬಸ್ಸು ಹತ್ತಿದರೆ ಕಂಡಕ್ಟರ್ ಮೂಗು ಮುಚ್ಚಿಕೊಂಡು ಇಳಿಸುತ್ತಿದ್ದ. ಮಧ್ಯಾಹ್ನ ಅದೇ ಮೂಗಿನ ಕೆಳಗೆ ನನ್ನ ಬಂಗುಡೆ ಸಾರೇ ಇಳಿಯುತ್ತಿತ್ತೋ ಏನೋ. ಆ ಸಿಟ್ಟಿಗೇ, ಮುಂಬಯಿಯ ಹೋಟೆಲ್ ಧಣಿಯೊಬ್ಬರು ಮಾರಲಿಟ್ಟಿದ್ದ ಉದ್ದನೆಯ ಫಾರಿನ್ ಕಾರು ಕೊಂಡೆ. ಹಿಂದಿನ ಸೀಟಿಗೂ ಡಿಕ್ಕಿಗೂ ನಡುವೆ ಗೋಡೆ ಇಲ್ಲ, ಪೆಟ್ಟಿಗೆ ಇಡಲು ಬಹಳ ಚಂದ. ಆದರೆ ಮಂಜುಗಡ್ಡೆಯ ನೀರು ಕುಡಿದು ಕುಡಿದು ಡಿಕ್ಕಿಯ ತಳದ ಹಲಗೆ ಜಗ್ಗಿಹೋಯಿತು.

"ಮಾರ್ ಮಾರಾಯ್ತಿ ಅದನ್ನ" ಎಂದು ನನ್ನ ಯಜಮಾನರು ಹಠ ಹಿಡಿದರು. ಮಾರಿದರೆ ನನಗೆ ಪುನಃ ಬಸ್ಸು, ಪುನಃ ಆ ಮೂಗು. ಜನ್ಮದಲ್ಲಿ ಮಾರುವವಳಲ್ಲ ನಾನು.

೧. ದೊಡ್ಡ ಊರಿನ ಶೋರೂಮು

ಹೊಸ ಹಲಗೆ ಸಿಗುತ್ತದೋ ಎಂದು ಫೋನು ಮಾಡಿದೆ. ಅಲ್ಲಿದ್ದ ಹುಡುಗ ಬಹಳ ಮರ್ಯಾದೆಯಲ್ಲಿ, "ಡಿಕ್ಕಿಯಲ್ಲಿ ಏನು ಇಡುತ್ತೀರಿ ಮೇಡಂ?" ಎಂದ.

"ಆರು ಪೆಟ್ಟಿಗೆ ಬಂಗುಡೆ."

"ಬಂಗುಡೆ ಅಂದರೆ ಮೀನಲ್ವಾ ಮೇಡಂ?" ಎಂದು ಇನ್ನೊಮ್ಮೆ ಕೇಳಿದ. ಆಮೇಲೆ ಹೇಳಿದ, "ಅದು ಒತ್ತಿ ಮಾಡಿದ ರಟ್ಟು ಮೇಡಂ. ಭಾರ ಇಡಲಿಕ್ಕಲ್ಲ. ಕೆಳಗಿನ ಗುಂಡಿಯಲ್ಲಿರುವ ಸ್ಟೆಪ್ನಿ ಕಾಣದ ಹಾಗೆ ಮುಚ್ಚಲಿಕ್ಕೆ ಮಾತ್ರ."

"ಅಷ್ಟಕ್ಕಾದ್ರೆ ನನ್ ಹಳೆ ಸೀರೆ ಸಾಕಿತ್ತಲ್ದಾ!" ಎಂದು ಫೋನು ಇಟ್ಟೆ.

೨. ಕೋಟೇಶ್ವರದ ಮೆಕ್ಯಾನಿಕ್

ಮೆಕ್ಯಾನಿಕ್ ಹಲಗೆ ಎತ್ತಿದ, ಹಿಂದೆ ಮುಂದೆ ನೋಡಿದ, ದೋಸೆಯ ಹಾಗೆ ಕವುಚಿ ಹಾಕಿದ. "ಆಯ್ತ್ ಅಕ್ಕ. ತಗ್ ಇದ್ದದ್ ಈಗ ಉಬ್ಬ್ ಆಯ್ತ್. ನಿಮ್ ಭಾರಕ್ಕೆ ತನ್ನಷ್ಟಕ್ಕೇ ಸಮ ಆತ್ತ್."

ಸಮ ಆಗುವ ಮೊದಲೇ ಹೆದ್ದಾರಿಗೆ ದನ ಅಡ್ಡ ಬಂತು. ಬ್ರೇಕು ಒತ್ತಿದೆ. ಉಬ್ಬಿನ ಮೇಲಿದ್ದ ಪೆಟ್ಟಿಗೆ ಜಾರಿ ಹಿಂದಿನ ಸೀಟಿನ ಮೇಲಿಂದ ಮಗುಚಿತು. ಆ ಸೀಟಿನಲ್ಲಿ ಯಜಮಾನರಿದ್ದರು, ಇಸ್ತ್ರಿ ಮಾಡಿದ ಬಿಳಿ ಪಂಚೆಯಲ್ಲಿ, ಮದುವೆ ಊಟಕ್ಕೆ ಹೊರಟವರು. ದನ ಮಾತ್ರ ನಮ್ಮನ್ನೊಮ್ಮೆ ನೋಡಿ ನಿಧಾನ ದಾಟಿಹೋಯಿತು.

ಮನೆಗೆ ಬಂದು ಮೂರು ಸಲ ಸ್ನಾನ ಮಾಡಿ ಅವರು ಹೇಳಿದ್ದು ಒಂದೇ ಮಾತು. "ಆಯ್ತಾರ ಗುಜರಿಯವ ಬತ್ತ."

"ಬರ್ಲಿ. ಚಾ ಕುಡ್ಕಂಡ್ ಹೋಯ್ಲಿ" ಎಂದೆ.

೩. ದೋಣಿ ಕಟ್ಟುವ ಆಚಾರ್ರು

ಬಾಯಲ್ಲಿ ಹೇಳಿದ್ದೇನೋ ಹೌದು, ಆದರೆ ಭಾನುವಾರಕ್ಕೆ ಇನ್ನು ಮೂರೇ ದಿನ. ಸೀದಾ ಗಂಗೊಳ್ಳಿಗೆ ಹೋಗಿ, ದೋಣಿ ಕಟ್ಟುವ ಆಚಾರ್ರ ಎದುರು ಕಾರು ನಿಲ್ಲಿಸಿದೆ. ಕಡಲಿನಲ್ಲಿ ಟನ್ನುಗಟ್ಟಲೆ ಮೀನು ಹೊರುವ ಹಲಗೆ ಮಾಡುವವರಿಗೆ ನನ್ನ ಆರು ಪೆಟ್ಟಿಗೆ ಯಾವ ಲೆಕ್ಕ?

"ನೀರ್ ಬೀಳ್ತಾ ಅಕ್ಕ?" ಎಂದು ಮಾತ್ರ ಕೇಳಿದರು.

"ದಿನಾ ಬೀಳ್ತ್ ಆಚಾರ್ರೆ."

"ಕಾರ್ ಇಲ್ಲೇ ಬಿಟ್ ಹೋಯ್ನಿ. ಮತ್ ಮಾತಾಡ್ಬೇಡಿ."

ಶನಿವಾರ ಹೋಗಿ ನೋಡಿದರೆ ದಪ್ಪ ಹಲಗೆ, ಮೇಲೆ ನೀಲಿ ಬಣ್ಣ. ಹತ್ತಿ ಕುಣಿದೆ, ಅಲ್ಲಾಡಲಿಲ್ಲ. ಖುಷಿಯಲ್ಲಿ ಕಣ್ಣೀರೇ ಬಂತು. ಆಚಾರ್ರು ಬಂಪರಿಗೆ ಕುಂಕುಮ ಹಚ್ಚಿ, ತೆಂಗಿನಕಾಯಿ ಒಡೆದು, ಬ್ರಶ್ಶು ಹಿಡಿದು ನಿಂತರು.

"ಹೆಸ್ರ್ ಎಂತ ಬರ್ಯೂದ್ ಅಕ್ಕ? ಹೆಸ್ರಿಲ್ದೆ ನೀರಿಗ್ ಇಳ್ಸುಕ್ ಆತಿಲ್ಲೆ."

೪. ಆಯ್ತಾರ

ಬೆಳಿಗ್ಗೆ ಹೊರಟರೆ ಹಿಂದಿನ ಟಯರು ಪಂಕ್ಚರು. ಇರಲಿ, ಸ್ಟೆಪ್ನಿ ಇದೆಯಲ್ಲ ಎಂದು ಡಿಕ್ಕಿ ತೆಗೆದೆ. ಹಲಗೆ ಎತ್ತಲು ಬೆರಳು ತೂರಿಸುವಷ್ಟೂ ಸಂದಿಲ್ಲ. ಆಚಾರ್ರಿಗೆ ಫೋನು ಮಾಡಿದೆ.

"ಆಚಾರ್ರೆ, ಸ್ಟೆಪ್ನಿ ಎಲ್ಲಿತ್ತ್?"

"ಅಡಿಯಗೇ ಇತ್ತ್ ಅಕ್ಕ. ಸುತ್ತ ಫೈಬರ್ ಹೊಡ್ದ್ ಮುಚ್ಚಿದೆ. ಒಂದ್ ಹನಿ ನೀರ್ ಹೋಪುದಿಲ್ಲೆ."

"ತೆಗೂದ್ ಹ್ಯಾಂಗೆ?"

"ತೆಗೂದಾ? ಹ್ವಾಯ್, ದೋಣಿ ಅಡಿ ಯಾರಾರೂ ತೆಗೀತ್ರಾ?"

ಜಗುಲಿಯಲ್ಲಿ ಕುಳಿತ ಯಜಮಾನರು ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ಅಷ್ಟರಲ್ಲಿ ಗುಜರಿಯವನೂ ಟೆಂಪೋ ತಂದು ಅಂಗಳದಲ್ಲಿ ನಿಲ್ಲಿಸಿದ. ನಾನು ಡಿಕ್ಕಿಯ ಪಕ್ಕ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತೆ. ನನ್ನನ್ನು ಇಳಿಸಿದ ಬಸ್ಸುಗಳೆಲ್ಲ ಕಣ್ಣ ಮುಂದೆ ಬಂದವು. ಏನಾದರಾಗಲಿ, ಕೀಲಿ ಮಾತ್ರ ಕೊಡುವುದಿಲ್ಲ ಎಂದು ಮುಷ್ಟಿ ಬಿಗಿ ಮಾಡಿದೆ.

ಗುಜರಿಯವ ಕಾರಿಗೆ ಒಂದು ಸುತ್ತು ಬಂದ. "ಸ್ಟೆಪ್ನಿ ಇತ್ತಾ?" ಎಂದ.

"ಅಡಿಯಗಿತ್ತ್. ತೆಕ್ಕೊ" ಎಂದೆ.

ಮೊದಲು ಕೈ ಹಾಕಿದ. ಆಮೇಲೆ ಹಾರೆ ತಂದು ಮೀಟಿದ. ಸುತ್ತಿಗೆಯಲ್ಲಿ ಹೊಡೆದ, ಸುತ್ತಿಗೆ ಪುಟಿದು ಅವನ ಕಾಲ ಬುಡಕ್ಕೇ ಬಿತ್ತು. ಯಜಮಾನರೂ ಇಳಿದು ಬಂದು ಹಾರೆಗೆ ಕೈ ಕೊಟ್ಟರು. ಇಬ್ಬರೂ ಬೆವರಿ ಒದ್ದೆಮುದ್ದೆಯಾದರು. ನೀಲಿ ಬಣ್ಣ ಒಂದು ಚೂರು ಎದ್ದಿತು, ಅಷ್ಟೇ.

ಗುಜರಿಯವ ಬೈರಾಸಿನಲ್ಲಿ ಮುಖ ಒರೆಸಿಕೊಂಡು, ಸಾಮಾನನ್ನೆಲ್ಲ ಟೆಂಪೋಗೆ ಎಸೆದು, ಯಜಮಾನರನ್ನು ದುರುಗುಟ್ಟಿ ನೋಡಿದ.

"ಹ್ವಾಯ್, ಫೋನಗೆ ಸಮ ಹೇಳುಕಾಗ್ದಾ? ನಾವ್ ಕಾರ್ ಮಾತ್ರ ತಕಂಬುದ್. ದೋಣಿ ತಕಂಬುದಿಲ್ಲೆ!"