ಬಲಗಡೆ ಇಟ್ಟ ಸೋಬಾನ

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಇಪ್ಪತ್ತೆರಡು ವರ್ಷ ಚೀಲ ತೂಗಿದ ಕೈ, ಎರಡು ಬಾಯಿಯ ಒಂದು ಡಬ್ಬಿಗೆ ಹೆದರುವುದೇ? ಸೋಮವಾರ ಮಧ್ಯಾಹ್ನ ಊಟಕ್ಕೆ ಕೂತ ಮಾಲತೇಶಪ್ಪ ಅರ್ಧ ರೊಟ್ಟಿ ಬಿಟ್ಟು ಎದ್ದು ನಿಂತು ಸಾರಿದ:

"ಆ ಸಿ.ಡಿ. ಕಾಪಿ ನಾನ ಮಾಡ್ತೇನಿ. ಇವತ್ತ. ಈಗ!"

ಹೆಂಡತಿ ಪುಷ್ಪಾವತಿ ಪಲ್ಯದ ಸೌಟು ಹಿಡಿದುಕೊಂಡೇ ಕೇಳಿದಳು: "ಯಾಕ್ರೀ, ಮನ್ಯಾಗ ಎಲ್ಲಾ ಸಮಾಧಾನ ಇದ್ದದ್ದು ನೋಡಾಕ ಆಗವಲ್ದಾ ನಿಮಗ?"

ಅವನ ಸಿಟ್ಟಿಗೆ ಕಾರಣವಿತ್ತು. ಮಗಳು ದ್ರಾಕ್ಷಾಯಿಣಿಯ ಮದುವೆ ಹಾವೇರಿಯಲ್ಲಿ, ಬುಧವಾರ. ಹಿಂದಿನ ದಿನ ಬೆಳಿಗ್ಗೆ ಗಂಡಿನ ಮನೆಯಲ್ಲಿ ಅರಿಷಿಣ. ಹುಡುಗಿಯ ಅಜ್ಜಿ ಸೋಬಾನ ಹಾಡದೆ ಅರಿಷಿಣದ ಬಟ್ಟಲಿಗೆ ಕೈ ಹಾಕುವುದಿಲ್ಲ ಎಂಬುದು ಆ ಮನೆತನದ ರೂಢಿ. ಆದರೆ ಅಜ್ಜಿ ಹೊಳಿಯವ್ವ, ಅಂದರೆ ಮಾಲತೇಶಪ್ಪನ ಅತ್ತೆ, ನಳದ ಹತ್ತಿರ ಜಾರಿ ಬಿದ್ದು ತೊಡೆಯ ತನಕ ಪ್ಲಾಸ್ಟರ್ ಹಾಕಿಸಿಕೊಂಡು ಅವನದೇ ಮನೆಯ ಒಳಕೋಣೆಯಲ್ಲಿ ಮಲಗಿದ್ದಳು. ರಾಣೆಬೆನ್ನೂರಿನಲ್ಲಿ ಕ್ಯಾಸೆಟ್ ಅಂಗಡಿ ಇಟ್ಟಿದ್ದ ಅವಳ ಮಗ ಪ್ರೇಮಕುಮಾರ, ಎರಡು ತಟ್ಟೆಯ ಸಿ.ಡಿ. ರೆಕಾರ್ಡರ್ ಹೊತ್ತು ತಂದು, ಮೈಕು ಹಚ್ಚಿ, ಅವ್ವನಿಂದ ಐದು ಹಾಡು ಹಾಡಿಸಿ, ಮಷೀನನ್ನು ಅಲ್ಲೇ ಬಿಟ್ಟು ಹೋಗಿದ್ದ. ಹೋಗುವಾಗ ಪಾಠ ಹೇಳಿದ್ದ:

"ಮಾಮಾ, ಅವ್ವ ಇನ್ನೂ ಎರಡ ಹಾಡು ಹಾಡ್ತೇನಿ ಅಂದಾಳ. ಅದಕ್ಕ ಈ ಸಿ.ಡಿ. ಮುಚ್ಚಿಲ್ಲ, ಮುಚ್ಚಿದ್ರ ಮತ್ತ ಹಾಡು ತುಂಬಾಕ ಬರೂದಿಲ್ಲ. ಮುಚ್ಚಲಾರದ್ದು ಈ ಮಷೀನಿನ್ಯಾಗ ಅಷ್ಟ ಹಾಡತೈತಿ, ಬ್ಯಾರೆ ಕಡೆ ಮೂಕ. ಹಾವೇರಿಗೆ ಒಯ್ಯಾಕ ಕಾಪಿ ಬೇಕು. ಹಾಡಿದ್ದು ಎಡಗಡೆ ತಟ್ಟಿಗೆ, ಖಾಲೀದು ಬಲಗಡೆ ತಟ್ಟಿಗೆ. ಹಸಿರು ಗುಂಡಿ ಒತ್ತಿದ್ರ ಕಾಪಿ, ಕಡೀಕ ಹಳದಿ ಗುಂಡಿ ಒತ್ತಿದ್ರ ಮುಚ್ಚತೈತಿ. ಕೆಂಪು ಗುಂಡಿ ಮೈಕಿಂದು, ಮಾತಾಡಿದ್ದೆಲ್ಲಾ ಬಲಗಡೆ ತಟ್ಟಿಗೆ ಇಳೀತೈತಿ, ಅದರ ಸುದ್ದಿಗೆ ಹೋಗಬ್ಯಾಡ್ರಿ. ಆದ್ರ ನೀವು ಮುಟ್ಟಬ್ಯಾಡ್ರಿ. ನಿಮಗ ಆಗೂದಿಲ್ಲ. ನಾನ ಬಂದು ಮಾಡ್ತೇನಿ."

ನಿಮಗ ಆಗೂದಿಲ್ಲ! ಆ ಮಾತು ಮೂರು ದಿನದಿಂದ ಮಾಲತೇಶಪ್ಪನ ಎದೆಯಲ್ಲಿ ಮೆಣಸಿನ ಘಾಟಿನಂತೆ ಕೂತಿತ್ತು. ಈಗ ಊಟದ ಹೊತ್ತಿಗೆ ಫೋನು ಬೇರೆ: ಪ್ರೇಮಕುಮಾರ ದಾವಣಗೆರೆಯ ಒಂದು ಮದುವೆಯ ವಿಡಿಯೋ ತೆಗೆಯುವ ಕೆಲಸದಲ್ಲಿ ಸಿಕ್ಕಿಬಿದ್ದಿದ್ದಾನೆ, ನಾಳೆ ನೇರ ಹಾವೇರಿಗೇ ಬರುತ್ತಾನೆ, "ಯಾರರೆ ತಿಳಿದವರನ್ನ ಕರದು ಕಾಪಿ ಮಾಡಿಸಿಬಿಡ್ರಿ." ತಿಳಿದವರು! ಅಂದರೆ ಈ ಮನೆಯಲ್ಲಿ ಇರುವವರು ಯಾರು? ಕೋಣಗಳೇ?

ಕೈ ತೊಳೆದು, ಮಷೀನಿಗೆ ಊದುಬತ್ತಿ ಬೆಳಗಿ, ಮಾಲತೇಶಪ್ಪ ರಣರಂಗಕ್ಕೆ ಇಳಿದ. ತಟ್ಟೆಗಳು ನಾಲಿಗೆ ಚಾಚಿದಂತೆ ಹೊರಬಂದವು. ಅತ್ತೆಯ ಸಿ.ಡಿ.ಯನ್ನು ಅವನು ಬಲಗಡೆ ಇಟ್ಟ.

"ರೀ, ಅದನ್ನ ಎಡಗಡೆ ಇಡಾಕ ಹೇಳ್ಯಾನ ಅಂವ!"

"ಸೋಬಾನ! ಮಂಗಳಕಾರ್ಯದ ಹಾಡು! ಅದನ್ನ ಎಡಗಡೆ ಇಡೂದಂತ! ಪ್ರಸಾದ ಎಡಗೈಲೆ ಕೊಡ್ತೀಯೇನು? ನಾಳೆ ನಿನ್ನ ಮಗಳು ಗಂಡನ ಮನಿ ಹೊಸಲಿ ಎಡಗಾಲಿಲೆ ದಾಟತಾಳೇನು? ನಿನ್ನ ತಮ್ಮಗ ರೀತಿ ಇಲ್ಲ, ರಿವಾಜಿಲ್ಲ!"

ಒಳಕೋಣೆಯಿಂದ ಹೊಳಿಯವ್ವನ ದನಿ ಬಂತು: "ಖರೇ ಐತಿ ನೋಡು ಅಳಿಯಾರ ಮಾತು! ನನ್ನ ಬಲಗಡೇನ ಇಡ್ರಿ!"

ಇಪ್ಪತ್ತೆರಡು ವರ್ಷಗಳಲ್ಲಿ ಅತ್ತೆ ಅಳಿಯನ ಮಾತಿಗೆ ಹೂಂ ಅಂದದ್ದು ಅದೇ ಮೊದಲು. ಮಾಲತೇಶಪ್ಪನಿಗೆ ಒಂದು ಮೊಳ ಎತ್ತರವಾದಂತಾಯಿತು. ಖಾಲಿ ಸಿ.ಡಿ. ಎಡಗಡೆ ಬಿತ್ತು. ಹಸಿರು ಗುಂಡಿ ಒತ್ತಿದ. ಮಷೀನು ಎರಡು ಸಲ ಕಣ್ಣು ಮಿಟುಕಿಸಿ, ಇಂಗ್ಲಿಷಿನಲ್ಲಿ ಏನೋ ಬರೆದು ತೋರಿಸಿ, ಸುಮ್ಮನಾಯಿತು. ಮತ್ತೆ ಒತ್ತಿದ. ಮತ್ತೆ ಅದೇ. ಐದನೇ ಇಯತ್ತೆಗೇ ಶಾಲೆಗೆ ಶರಣು ಹೊಡೆದವನ ಮುಂದೆ ಇಂಗ್ಲಿಷ್ ಬರೆಯುವ ಸೊಕ್ಕು! ಮೂರನೆಯ ಸಲ ಅವನು ಹಸಿರನ್ನು ಬಿಟ್ಟು ಕೆಂಪನ್ನೇ ಗುದ್ದಿದ. ಕೆಂಪು ದೀಪ ಹತ್ತಿತು. ಅಂಕಿಗಳು ಓಡತೊಡಗಿದವು.

"ನೋಡಿದ್ಯಾ? ಗುದ್ದಿದ ಮ್ಯಾಲ ಹೆಂಗ ಹಾದಿಗೆ ಬಂತು!"

"ಸಾವಕಾಶ ಮಾತಾಡ್ರಿ. ಹಾಡು ಕೆಟ್ಟಗಿಟ್ಟಾವು."

"ಅದು ತಟ್ಟೀಯಿಂದ ತಟ್ಟಿಗೆ ಒಳಗಿಂದೊಳಗ ಹೋಗತೈತಿ. ನನ್ನ ಬಾಯಿಗೂ ಅದಕ್ಕೂ ಏನ ಸಂಬಂಧ?"

ಮೊಳೆಗೆ ನೇತುಹಾಕಿದ ಮೈಕು ಅವನ ಬಾಯಿಯಿಂದ ಒಂದೂವರೆ ಗೇಣು ದೂರದಲ್ಲಿತ್ತು.

"ನಾಳೆ ಬೀಗರ ಮುಂದ ಹಿಂಗ ಒದರಬ್ಯಾಡ್ರಿ ಮತ್ತ," ಎಂದಳು ಪುಷ್ಪಾವತಿ. ಅನ್ನಬಾರದಾಗಿತ್ತು.

"ಬೀಗರಂತ ಬೀಗರು! ಹೆಣ್ಣು ನೋಡಾಕ ಐದು ಮಂದಿ ಬರ್ತೇವಿ ಅಂದು ಟೆಂಪೋ ತುಂಬ ಇಪ್ಪತ್ತಮೂರು ಮಂದಿ ಬಂದ್ರು! ಆ ಬೀಗ ಮೈಲಪ್ಪ ಬಾಯಿ ಬಿಟ್ಟು ಒಂದ ಮಾತರೆ ಆಡಿದ್ನಾ? ಬಾಯಿ ಖಾಲಿ ಇದ್ರಲ್ಲ ಆಡಾಕ! ಹನ್ನೊಂದು ಮಿರ್ಚಿಭಜಿ ತಿಂದ, ಹನ್ನೊಂದು! ಕಣ್ಣಾರೆ ಎಣಿಸೇನಿ. ತೂಕದವನ ಲೆಕ್ಕ ತಪ್ಪೂದಿಲ್ಲ!"

"ಥೂ, ಯಾರರೆ ಕೇಳಿದ್ರ ಏನಂತಾರ!"

"ಕೇಳ್ಲಿ! ಹಾವೇರಿ ತನಕ ಕೇಳ್ಲಿ!"

ಅರ್ಧ ತಾಸಿನ ನಂತರ, ಐದು ಹಾಡಿನ ಹೊತ್ತು ಮೀರಿತೆಂದು ಅಂದಾಜು ಮಾಡಿ, ಅವನು ಗಂಭೀರವಾಗಿ ಹಳದಿ ಗುಂಡಿ ಒತ್ತಿದ. ಸ್ವಲ್ಪ ಹೊತ್ತಿಗೆ ಮಷೀನು ಕೆಲಸ ಮುಗಿಸಿತು. ಈಗ ಪರೀಕ್ಷೆ. ಎಡಗಡೆಯ ಸಿ.ಡಿ.ಯನ್ನು ಮನೆಯ ಪ್ಲೇಯರಿಗೆ ಹಾಕಿದ: ಮೂಕ. ಬಲಗಡೆಯದನ್ನು ಹಾಕಿದ: ಹೊಳಿಯವ್ವ ಗಂಟೆ ಬಾರಿಸಿದಂತೆ ಹಾಡಿದಳು!

"ಮೂಕ ಇದ್ದದ್ದು ಹಳೇದು, ಹಾಡಿದ್ದು ಹೊಸಾದು. ಗೆದ್ದೆ!"

"ಆದ್ರ ಬಲಗಡೆ ನೀವು ಇಟ್ಟದ್ದು ಹಳೇದಲ್ಲೇನ್ರಿ?"

"ಮಷೀನು ನಿನಗಿಂತ ಶಾಣ್ಯಾ ಐತಿ. ಒಳಗ ಅದಲುಬದಲ ಮಾಡಿಕೊಂಡೈತಿ!"

ಮಂಗಳವಾರ ಬೆಳಿಗ್ಗೆ ಹಾವೇರಿಯಲ್ಲಿ, ಬೀಗರ ಪಡಸಾಲೆಯಲ್ಲಿ, ನಲವತ್ತು ಮಂದಿ ಹೆಂಗಸರ ನಡುವೆ ಪ್ಲೇಯರಿನೊಳಗಿಂದ ಹೊಳಿಯವ್ವ ಹಾಡಿದಳು. ಐದು ಹಾಡೂ ಮುತ್ತಿನಂತೆ ಬಂದವು. ಹುಡುಗನ ತಾಯಿ ಮಂಗಳವ್ವ ಕಣ್ಣೊರೆಸಿಕೊಂಡು ಅರಿಷಿಣ ಹಚ್ಚಿದಳು. ಕಂಬಕ್ಕೆ ಒರಗಿ ಮೈಲಪ್ಪ ಮಾತಿಲ್ಲದೆ ಉಪ್ಪಿಟ್ಟು ತಿನ್ನುತ್ತಿದ್ದ. ಹಾಡು ಮುಗಿದವೆಂದು ಯಾರೋ ಪ್ಲೇಯರ್ ಆರಿಸಲು ಹೋದರು. ಮಾಲತೇಶಪ್ಪ ಎದೆ ಉಬ್ಬಿಸಿ ತಡೆದ:

"ಇರ್ಲಿ ಬಿಡ್ರಿ, ಇನ್ನೂ ಇದ್ದೀತು. ಪೂರ್ತಿ ಕೇಳ್ರಿ. ನಾನ ಮಾಡಿದ್ದು!"

ಇನ್ನೂ ಇತ್ತು. "ನೋಡಿದ್ಯಾ? ಗುದ್ದಿದ ಮ್ಯಾಲ ಹೆಂಗ ಹಾದಿಗೆ ಬಂತು!" ಎಂದು ಪೆಟ್ಟಿಗೆ ಗುಡುಗಿತು. ಹೆಂಗಸರು ಪುಷ್ಪಾವತಿಯ ಕಡೆ ಕನಿಕರದಿಂದ ನೋಡಿದರು. ಮಾಲತೇಶಪ್ಪ ಪ್ಲೇಯರಿನ ಮೇಲೆ ಹಾರಿ ಸಿಕ್ಕ ಸಿಕ್ಕ ಗುಂಡಿ ಒತ್ತಿದ. ಸಪ್ಪಳ ಎರಡು ಪಟ್ಟಾಯಿತು. ಪೆಟ್ಟಿಗೆಯೊಳಗಿಂದ ಟೆಂಪೋ ಬಂತು. ಇಪ್ಪತ್ತಮೂರು ಮಂದಿ ಇಳಿದರು. ಹನ್ನೊಂದು ಮಿರ್ಚಿ ಇಡೀ ಓಣಿಗೆ ಕೇಳಿದವು. ಮೈಲಪ್ಪನ ಕೈಯ ಚಮಚ ಬಾಯಿಯ ಹತ್ತಿರ ನಿಂತುಬಿಟ್ಟಿತು. ದ್ರಾಕ್ಷಾಯಿಣಿ ಅರಿಷಿಣದ ಮುಖವನ್ನು ಮೊಣಕಾಲಲ್ಲಿ ಹುದುಗಿಸಿದಳು. ಮಾಲತೇಶಪ್ಪನ ಲೆಕ್ಕದಲ್ಲಿ ನಾಳೆಯ ಮದುವೆ ಹೋಯಿತು!

ಆಗಷ್ಟೇ ಚೀಲ ಹೊತ್ತು ಒಳಬಂದ ಪ್ರೇಮಕುಮಾರ ವೈರು ಕಿತ್ತು, ಮೆತ್ತಗೆ ಕೇಳಿದ: "ಮಾಮಾ, ಹಳದಿ ಗುಂಡಿ ಒತ್ತೀರೇನು?"

"ಒತ್ತೇನಪಾ."

"ಮುಗೀತು. ಇದು ಕಾಪಿ ಅಲ್ಲ, ಅವ್ವನ ಸಿ.ಡಿ.ನ. ಅವಳ ಹಾಡಿನ ಹಿಂದ ನಿಮ್ಮ ಮಾತು ಸೇರ್ಯಾವು. ಅಳಿಸಾಕ ಬರೂದಿಲ್ಲ. ಅವ್ವನ ಸೋಬಾನ ಇರೂತನಕ ನೀವೂ ಇರ್ತೀರಿ."

ಮೈಲಪ್ಪ ಉಪ್ಪಿಟ್ಟಿನ ತಾಟು ಕೆಳಗಿಟ್ಟ. ಗಂಟಲು ಸರಿಮಾಡಿಕೊಂಡ. ಸಂಬಂಧ ಕುದುರಿದಂದಿನಿಂದ ಮೊದಲ ಬಾರಿಗೆ ಬಾಯಿ ಬಿಟ್ಟ:

"ಹನ್ನೊಂದಲ್ಲ ಬೀಗರ. ಹದಿಮೂರು. ಎರಡು ನೀವು ನೋಡಿಲ್ಲ."

ಮೊದಲು ನಕ್ಕವಳು ಮಂಗಳವ್ವ. ಆಮೇಲೆ ನಲವತ್ತು ಮಂದಿಯೂ ಅರಿಷಿಣದ ಕೈಯಲ್ಲೇ ಹೊಟ್ಟೆ ಹಿಡಿದುಕೊಂಡರು. ಮೊಣಕಾಲಿನಿಂದ ತಲೆ ಎತ್ತಿದ ದ್ರಾಕ್ಷಾಯಿಣಿಯೂ ನಗುತ್ತಿದ್ದಳು. ನಗದೆ ನಿಂತವನು ಮಾಲತೇಶಪ್ಪ ಒಬ್ಬನೇ. ತೂಕದವನ ಲೆಕ್ಕವೂ ತಪ್ಪಿತ್ತಲ್ಲ!

"ಬೀಗತಿ, ನನಗೂ ಒಂದು ಕಾಪಿ ಕೊಡಸವಾ," ಎಂದಳು ಮಂಗಳವ್ವ ಸೆರಗಿನಿಂದ ಕಣ್ಣೊರೆಸುತ್ತ. "ನಮ್ಮ ಮನಿಯವರು ಮಾತ ಆಡೂದಿಲ್ಲ, ಮನಿ ಬಿಕೋ ಅಂತೈತಿ. ಬ್ಯಾಸರಾದಾಗ ಹಚ್ಚಿಕೊಂಡು ಕುಂದರ್ತೇನಿ."

ಪುಷ್ಪಾವತಿ ಗಂಡನನ್ನು ಮೇಲಿಂದ ಕೆಳತನಕ ಒಮ್ಮೆ ನೋಡಿ ಹೇಳಿದಳು:

"ಕಾಪಿ ಯಾಕ ಬೇಕ್ರಿ ಬೀಗತಿ? ಇವರನ್ನ ಎಂಟು ದಿನ ಇಲ್ಲೇ ಬಿಟ್ಟು ಹೋಗ್ತೇನಿ. ಕರೆಂಟೂ ಬೇಕಿಲ್ಲ, ಗುಂಡಿ ಒತ್ತೂದೂ ಬೇಕಿಲ್ಲ. ಆರಿಸೂದು ಹೆಂಗಂತ ಮಾತ್ರ ನನ್ನ ಕೇಳಬ್ಯಾಡ್ರಿ!"