ಹಣ್ಣಾದ ಹುಳುವೂ ನನ್ನ ಫೆಲೋಶಿಪ್ಪೂ

ಮನೆಯಲ್ಲಿ ಕೂತು ಮಾಡುವ ಕೆಲಸವನ್ನು ಕೆಂಚಾರ್ಲಹಳ್ಳಿಯಲ್ಲಿ ಯಾರೂ ಕೆಲಸವೆಂದು ಒಪ್ಪುವುದಿಲ್ಲ. ಬಸ್ಸು ಹತ್ತಿ ಚಿಂತಾಮಣಿಗೆ ಹೋಗಿ ಸುಮ್ಮನೆ ಕೂತು ಬಂದರೂ ಅದು ಉದ್ಯೋಗ. ಹಜಾರದಲ್ಲಿ ಲ್ಯಾಪ್‌ಟಾಪ್ ಮುಂದೆ ಕತ್ತು ನೋಯುವಷ್ಟು ಓದಿದರೆ ಅದು ಬಿಡುವು. ಪಿಎಚ್‌ಡಿ ಮುಗಿಸಿದ ನನಗೆ ಹೊರದೇಶದ ವಿಶ್ವವಿದ್ಯಾಲಯವೊಂದು ಫೆಲೋಶಿಪ್ ಕೊಟ್ಟಿದೆ, ಊರಲ್ಲಿದ್ದೇ ಮಾಡುವಂಥದ್ದು. ವಿಷಯ, ಜಾಗತಿಕ ಆರೋಗ್ಯದ ರಾಜಕೀಯ. ಅಮ್ಮ ಮಾತ್ರ ಕೇಳಿದವರಿಗೆಲ್ಲ, "ಏನೋ ಓದ್ತಾ ಇರ್ತಾಳೆ, ಮನೇಲೇ ಅವ್ಳೆ, ಕರೀರಿ ಬರ್ತಾಳೆ" ಎಂದು ಹೇಳಿ ನನ್ನನ್ನು ಊರಿಗೇ ಹಂಚಿಬಿಟ್ಟಿದ್ದಾಳೆ.

ಮೊನ್ನೆ ಸಂಜೆ ನನ್ನ ಆನ್‌ಲೈನ್ ಭಾಷಣವಿತ್ತು. ಅದು ಅಲ್ಲಿನ ಪ್ರೊಫೆಸರರಿಗೆ ಒಪ್ಪಿಗೆಯಾದರೆ ಮಾತ್ರ ಫೆಲೋಶಿಪ್ ಇನ್ನೊಂದು ವರ್ಷ. ಇಲ್ಲದಿದ್ದರೆ ಅಮ್ಮ ಹೇಳುವಂತೆ ನಾನು ನಿಜವಾಗಿಯೂ ಬಿಡುವಾಗಿರುತ್ತಿದ್ದೆ. ಬಾಗಿಲು ಹಾಕಿಕೊಂಡು, ಶ್ರೀಮಂತ ದೇಶಗಳು ತಮಗೆ ಸಾಕಾದ ಮೇಲೆ ಬಡದೇಶಗಳಿಗೆ ಲಸಿಕೆ ಕೊಟ್ಟ ಕಥೆಯನ್ನು ಶುರುಮಾಡಿದ್ದೆನಷ್ಟೆ. ಕಿಟಕಿಯಲ್ಲಿ ಪಕ್ಕದ ಮನೆಯ ನಾರಾಯಣಮ್ಮತ್ತೆಯ ಮುಖ ಕಾಣಿಸಿತು.

"ಸುಮಾ, ಹುಳ ಎಲ್ಲಾ ಒಟ್ಟಿಗೇ ಹಣ್ಣಾಗ್ಬಿಟ್ಟವೆ ಕಣಮ್ಮಾ. ಚಂದ್ರಿಕೆಗೆ ಬಿಡಕ್ಕೆ ಕೈ ಸಾಲ್ತಿಲ್ಲ, ಬಾರಮ್ಮಾ!"

ಹಣ್ಣಾದ, ಎಂದರೆ ಸೊಪ್ಪು ತಿನ್ನುವುದು ಬಿಟ್ಟು ನೂಲಲು ಸಿದ್ಧವಾದ ರೇಷ್ಮೆಹುಳು ಯಾರಿಗೂ ಕಾಯುವುದಿಲ್ಲ. ಆಯ್ದು ಬಿದಿರು ಹೆಣೆದ ಚಂದ್ರಿಕೆಗೆ ಬಿಟ್ಟರೆ ಗೂಡು ಕಟ್ಟುತ್ತದೆ, ಇಲ್ಲದಿದ್ದರೆ ಕಂಡಲ್ಲೆಲ್ಲ ನೂಲು ಬಿಟ್ಟು ಬೆಳೆ ಹಾಳು. ಹಿಂದಿನ ಬೆಳೆಗೆ ಅತ್ತೆ ನಮ್ಮ ಮನೆಗೆ ಮುಯ್ಯಾಳಾಗಿ ಬಂದು ದುಡಿದಿದ್ದರು. ಈಗ ನಮ್ಮ ಸರದಿ. ಅಮ್ಮ ಆಗಲೇ ಅಲ್ಲಿದ್ದಳು. ನಾನು ಮೈಕ್ ಬಂದ್ ಮಾಡಿ, "ಮೊದ್ಲು ನಂದು ಮುಗೀಲಿ ಅತ್ತೆ, ಆಮೇಲೆ ಬರ್ತೀನಿ" ಎಂದೆ. ಮತ್ತೆ ಶ್ರೀಮಂತ ದೇಶಗಳ ಮೇಲೆ ಹರಿಹಾಯಲು ಹೋದರೆ, ಮುಂದಿನ ಸ್ಲೈಡಿನಲ್ಲಿ ಅವುಗಳ ಧೋರಣೆಯನ್ನು ನಾನೇ ದಪ್ಪಕ್ಷರದಲ್ಲಿ ಬರೆದಿದ್ದೆ: ‘ಮೊದಲು ನಮ್ಮದು ಮುಗಿಯಲಿ.’ ನನಗೆ ವಿಪರೀತ ನಾಚಿಕೆಯಾಯಿತು. ಅತ್ತೆಯ ಮೇಲೆ ಸಿಟ್ಟೂ ಬಂತು.

ಮೊಬೈಲಿನಿಂದಲೇ ಮೀಟಿಂಗಿಗೆ ಸೇರಿ, ಇಯರ್‌ಫೋನ್ ಸಿಕ್ಕಿಸಿಕೊಂಡು, ಕಾಲು ತೊಳೆದು ಅತ್ತೆಯ ಹುಳುಮನೆಗೆ ನುಗ್ಗಿದೆ. ಹುಳು ಸಾಕುವ ಸ್ಟ್ಯಾಂಡಿಗೆ ಮೊಬೈಲ್ ಒರಗಿಸಿ ಹುಳು ಆಯುತ್ತಲೇ ಉಳಿದದ್ದನ್ನು ಹೇಳಿದೆ. ಪ್ರೊಫೆಸರರು ಏನೋ ಕೇಳುವಷ್ಟರಲ್ಲಿ ನೆಟ್‌ವರ್ಕ್ ಕೈಕೊಟ್ಟು ಅವರ ಬಾಯಿ ತೆರೆದಂತೆಯೇ ನಿಂತಿತು. ಕೊನೆಗೆ ದನಿ ಬಂತು: ನಿಮ್ಮ ಕೈಯಲ್ಲೇನದು? ಮುಯ್ಯಾಳಿನ ವಿಚಾರವೆಲ್ಲ ಹೇಳಿದೆ. ಅವರು ತಲೆ ತಗ್ಗಿಸಿ ಏನೋ ಬರೆದುಕೊಂಡರು. ಮುಗಿಯಿತು ನನ್ನ ಕಥೆ ಅಂದುಕೊಂಡೆ.

ನಿನ್ನೆ ಮೇಲ್ ಬಂತು, ಇನ್ನೊಂದು ವರ್ಷ ಮುಂದುವರಿಸಿದ್ದಾರೆ. ಅಮ್ಮನಿಗೆ ಹೇಳಿದೆ. ಅವಳಿಗೆ ಹಿಡಿಸಲಾರದಷ್ಟು ಖುಷಿ. ಬೀದಿಯಲ್ಲಿ ನಿಂತು ಎಲ್ಲರಿಗೂ ಸಾರಿದಳು:

"ನಮ್ ಸುಮಂಗೆ ಇನ್ನೊಂದ್ ವರ್ಷ ಕೆಲ್ಸ ಅಂತೆ! ಅದೂ ಬರೀ ಬಾಯಿಗೆ ಕೆಲ್ಸ. ಕೈ ಖಾಲಿನೇ, ಕರೀರಿ ಬರ್ತಾಳೆ."